ಬೀಡಿಂಗ್ ರಾಯರು

ನಮ್ಮ ಬೀದಿಯಲ್ಲಿ ಈಗ ಅವರಿಗೆ ಬೀಡಿಂಗ್ ರಾಯರು ಎಂದೇ ಹೆಸರು. ಬ್ಯಾಂಕಿನಿಂದ ನಿವೃತ್ತರಾದವರು. ಕೈತುಂಬ ಪಿಂಚಣಿ, ದಿನತುಂಬ ಪುರುಸೊತ್ತು, ಜೊತೆಗೆ ಅಮೆರಿಕದ ಬಡಗಿಗಳ ವಿಡಿಯೊ ನೋಡುವ ಚಟ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ನಿಮ್ಮ ಮನೆಗೆ ಬಂದರೆ ಕಾಫಿ ಕುಡಿಯುವ ಮೊದಲು ಟೀಪಾಯಿಯ ಅಡಿಗೆ ಬಗ್ಗಿ ನೋಡಿ, ‘ಇದು ಪ್ಲೈವುಡ್ ಅಲ್ಲ ಸ್ವಾಮಿ, ಪಾರ್ಟಿಕಲ್ ಬೋರ್ಡು. ಟೋಪಿ ಹಾಕಿದ್ದಾನೆ’ ಎಂದು ತೀರ್ಪು ಕೊಡುತ್ತಾರೆ. ಆಮೇಲೆ ಕಾಫಿ ರುಚಿಸುವುದು ಅವರಿಗೆ ಮಾತ್ರ.

ಎಲ್ಲ ಶುರುವಾದದ್ದು ರಾಯರ ಅಡುಗೆಮನೆಯ ಶೆಲ್ಫಿನಿಂದ ಎರಡಡಿ ಬೀಡಿಂಗ್, ಅಂದರೆ ಅಂಚಿನ ಮರದ ಪಟ್ಟಿ, ಕಿತ್ತು ಬಂದಾಗ. ‘ರೀ, ಇದಕ್ಕೆ ನಾಲ್ಕು ಮೊಳೆ ಹೊಡೀರಿ’ ಎಂದರು ಅವರ ಮನೆಯವರು. ರಾಯರು ಸುತ್ತಿಗೆ ಕೈಗೆತ್ತಿಕೊಂಡವರು ಹಾಗೇ ಕೆಳಗಿಟ್ಟರು. ‘ಸುತ್ತಿಗೆ ಏಟಿಗೆ ಪಟ್ಟಿ ಸೀಳಿಹೋಗುತ್ತೆ ಕಣೇ. ನೇಲ್ ಗನ್ನೇ ಆಗಬೇಕು.’

ಮಾತೇನೋ ಸುಳ್ಳಲ್ಲ. ಒಳಾಂಗಣ ಕೆಲಸದ ಬಡಗಿಗಳು ಈಗೀಗ ಬೀಡಿಂಗ್ ಕೂರಿಸುವುದು ಗಾಳಿಯ ಗನ್ನಿನಿಂದಲೇ. ಆದರೆ ಬಡಗಿ ಅಂಗಡಿಗೆ ಹೋಗಿ ‘ಒಂದು ಎಫ್-30 ಕೊಡಿ’ ಎಂದು ಕೊಂಡು ಬರುತ್ತಾನೆ. ರಾಯರು ಎಕ್ಸೆಲ್ ಶೀಟು ತೆರೆದರು.

ಮೊದಲು ಗೇಜಿನ ಅಧ್ಯಾಯ. ಪಾರ್ಕಿನಲ್ಲಿ ವಾಕಿಂಗಿಗೆ ಬಂದವರಿಗೆಲ್ಲ ಪಾಠವಾಯಿತು. ‘ಗೇಜ್ ನಂಬರು ಏರಿದಷ್ಟೂ ಮೊಳೆ ಸಣ್ಣಗಾಗುತ್ತೆ, ತಿಳೀತಾ? 23ಕ್ಕೆ ತಲೆಯೇ ಇರಲ್ಲ. 18 ಅಂದ್ರೆ ಬ್ರಾಡು, ಬೀಡಿಂಗಿಗೆ ಹೇಳಿ ಮಾಡಿಸಿದ್ದು. 16 ದಪ್ಪ, ಬಾಗಿಲ ಪಟ್ಟಿಗಾಯಿತು.’ ಶುಗರ್ ಇಳಿಸಲು ಬಂದವರು ಗೇಜ್ ಕಲಿತು ಮನೆಗೆ ಹೋದರು.

ಆಮೇಲೆ ಕಂಪ್ರೆಸರ್. ಬ್ರಾಡ್ ಗನ್ನಿಗೆ 70ರಿಂದ 100 ಪಿಎಸ್‌ಐ ಒತ್ತಡ ಸಾಕು. ಒಂದೊಂದು ಹೊಡೆತಕ್ಕೆ ಬೇಕಾಗುವ ಗಾಳಿಯೂ ಅಷ್ಟಕ್ಕಷ್ಟೆ. ಮನೆಯ ಕೆಲಸವನ್ನು 10 ಲೀಟರಿನ ಟ್ಯಾಂಕೂ ತೂಗಿಸುತ್ತದೆ. ರಾಯರ ಕಣ್ಣು ಮಾತ್ರ 50 ಲೀಟರಿನ ಮೇಲೆ. ‘ನಾಳೆ ಸ್ಪ್ರೇ ಪೇಂಟಿಂಗ್ ಮಾಡೋಣ ಅನ್ನಿಸಿದರೆ? ಅದಕ್ಕೆ ಗಾಳಿ ಜಾಸ್ತಿ ಬೇಕು.’ ಇಂಥವರು ಇವತ್ತಿನ ಕೆಲಸಕ್ಕೆಂದು ಸಲಕರಣೆ ಕೊಳ್ಳುವುದೇ ಇಲ್ಲ. ನಾಳೆ ಅನ್ನಿಸಬಹುದಾದ ಕೆಲಸಕ್ಕೆ ಕೊಳ್ಳುತ್ತಾರೆ. ‘ಬ್ಯಾಟರಿ ಗನ್ನೂ ಬಂದಿದೆಯಂತಲ್ಲ, ಕಂಪ್ರೆಸರೇ ಬೇಡವಂತೆ?’ ಎಂದೆ. ರಾಯರ ಮುಖ ಬಾಡಿತು. ಎರಡು ದಿನ ಮಾತಾಡಿಸಲಿಲ್ಲ.

ಕೊನೆಗೆ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯಾತ ಎಕ್ಸೆಲ್ ಶೀಟಿನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟ. ಎಣ್ಣೆ ಹಾಕುವ ಯಂತ್ರವಾದರೆ ಬಾಳಿಕೆ, ಆದರೆ ಎಣ್ಣೆಯ ಮೇಲೆ ನಿಗಾ ಇಡಬೇಕು. ಎಣ್ಣೆ ಬೇಡದ್ದಾದರೆ ಉಸಾಬರಿ ಕಡಿಮೆ. ಇಷ್ಟೆಲ್ಲ ಆದಮೇಲೆ ಕೇಳಿದ, ‘ಯಜಮಾನ್ರೇ, ಕೆಲಸ ಏನು?’

‘ಎರಡಡಿ ಬೀಡಿಂಗು.’

ಆತ ಒಂದು ಗಳಿಗೆ ಸುಮ್ಮನಿದ್ದು, ‘ಮನೇಲಿ ಸುತ್ತಿಗೆ ಇಲ್ವಾ?’ ಎಂದ. ವ್ಯಾಪಾರ ಗೊತ್ತಿಲ್ಲದ ಮನುಷ್ಯ ಎಂದು ರಾಯರು ಪಕ್ಕದ ಅಂಗಡಿಯಲ್ಲಿ ಕೊಂಡರು.

2 ಎಚ್‌ಪಿ ಯಂತ್ರ ಮನೆಗೆ ಬಂತು. ಅದೆಂದರೆ ಸುಮಾರು ಒಂದೂವರೆ ಸಾವಿರ ವ್ಯಾಟ್. ಹಾಲಿನ 5 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸುವಂತಿಲ್ಲ. ಮನೆಯಲ್ಲಿದ್ದ ಒಂದೇ ಒಂದು 15 ಆಂಪಿಯರ್ ಪಾಯಿಂಟು ಗೀಸರಿನದು. ಹೀಗಾಗಿ ಕಂಪ್ರೆಸರ್ ಬಚ್ಚಲುಮನೆಯ ಬಾಗಿಲಲ್ಲಿ ಪ್ರತಿಷ್ಠಾಪನೆಯಾಯಿತು. ಅದು ಗಾಳಿ ತುಂಬಿಕೊಳ್ಳುವಾಗ ಯಾರೂ ಬಿಸಿನೀರು ಕೇಳುವಂತಿಲ್ಲ, ಬಿಸಿನೀರು ಕಾಯುವಾಗ ರಾಯರು ಬಡಗಿಯಲ್ಲ.

ಆದರೆ ಮೊಳೆ? 25 ಮಿಲಿಮೀಟರಿನದೋ 30ರದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹಾಗೆಂದು ಯಂತ್ರವೇನೂ ಸುಮ್ಮನೆ ಕೂತಿಲ್ಲ. ಫ್ಯಾನಿನ ಧೂಳು, ಸೊಳ್ಳೆಪರದೆಯ ಕಸ, ಬೀದಿ ಮಕ್ಕಳ ಫುಟ್‌ಬಾಲು, ನನ್ನ ಸ್ಕೂಟರಿನ ಟೈರು, ಎಲ್ಲಕ್ಕೂ ಗಾಳಿ ಅಲ್ಲಿಂದಲೇ. ಸಂಜೆ ಟ್ಯಾಂಕಿನ ತಳದ ವಾಲ್ವು ತಿರುಗಿಸಿ, ಬುಸ್ಸೆಂದು ಬರುವ ನಾಲ್ಕು ಹನಿ ನೀರನ್ನು ಅಂಗೈಯಲ್ಲಿ ತೀರ್ಥದಂತೆ ಹಿಡಿದು ತೋರಿಸುತ್ತಾರೆ. ‘ಗಾಳಿ ಅದುಮಿದಾಗ ಅದರ ತೇವ ಹೀಗೆ ನೀರಾಗುತ್ತೆ. ದಿನಾ ಬಿಡದಿದ್ದರೆ ಟ್ಯಾಂಕು ಒಳಗಿಂದ ತುಕ್ಕು.’

ಇನ್ನು ಆ ಬೀಡಿಂಗ್. ರಾಯರೇ ನೂರು ಸಲ ಹೇಳಿದ್ದರು: ‘ಮೊಳೆ ಇರೋದು ಅಂಟು ಒಣಗೋವರೆಗೆ ಪಟ್ಟಿ ಜಾರದ ಹಾಗೆ ಹಿಡಿಯೋಕೆ. ನಿಜವಾದ ಹಿಡಿತ ಫೆವಿಕಾಲಿನದು.’ ಈ ಉಪನ್ಯಾಸವನ್ನು ಇಡೀ ಬೀದಿಯಲ್ಲಿ ಸರಿಯಾಗಿ ಕೇಳಿಸಿಕೊಂಡವರು ಅವರ ಮನೆಯವರೊಬ್ಬರೇ. ಒಂದು ರಾತ್ರಿ ಊಟವಾದ ಮೇಲೆ ಅಂಚಿಗೆ ಫೆವಿಕಾಲ್ ಸವರಿ, ಪಟ್ಟಿ ಒತ್ತಿ, ಅಲ್ಲಲ್ಲಿ ಟೇಪು ಎಳೆದು ಮಲಗಿದರು. ಬೆಳಿಗ್ಗೆ ಟೇಪು ಕಿತ್ತರೆ ಪಟ್ಟಿ ಭದ್ರ. ರಾಯರು ಬಂದು ಬಗ್ಗಿ ನೋಡಿದರು, ಉಗುರಿನಿಂದ ಕೆದಕಿದರು, ಎಳೆದೂ ನೋಡಿದರು. ‘ಪರವಾಗಿಲ್ಲ. ಟೆಂಪರರಿಯಾಗಿ ನಡೆಯುತ್ತೆ’ ಎಂದರು.

ನಿಜವಾಗಿ ಮರಗೆಲಸದ ಆಸೆಯಿರುವ ಓದುಗರಿಗೆ ಎರಡು ಮಾತು. 18 ಗೇಜಿನ ಗನ್ನು, ಸಣ್ಣ ಟ್ಯಾಂಕಿನ ಕಂಪ್ರೆಸರ್, ಕಣ್ಣಿಗೊಂದು ಕನ್ನಡಕ, ಇಷ್ಟಿದ್ದರೆ ಮನೆಗೆ ಧಾರಾಳವಾಯಿತು. ಮೊಳೆ ಸಿಕ್ಕಿಕೊಂಡಾಗ ಗಾಳಿಯ ಪೈಪು ಕಳಚದೆ ಗನ್ನಿನ ಮೂತಿಗೆ ಬೆರಳು ಹಾಕಬೇಡಿ. ನಿಮ್ಮ ಬೀದಿಯಲ್ಲೂ ಒಬ್ಬ ರಾಯರಿದ್ದರೆ ಇವನ್ನೆಲ್ಲ ಕೊಳ್ಳುವ ದುಡ್ಡೂ ಉಳಿಯಿತು. ಕೇಳಿದರೆ ಸಂತೋಷವಾಗಿ ಕೊಡುತ್ತಾರೆ. ಮೊಳೆ ಮಾತ್ರ ನೀವೇ ತಂದುಕೊಳ್ಳಿ.