ಪ್ರಾಸ ಎಳೆದತ್ತ

ಸಿನಿಮಾ ಹಾಡಿನಲ್ಲಿ ‘ಮನಸು’ ಬಂತೆಂದರೆ ಹಿಂದೆಯೇ ‘ಕನಸು’ ಬರುತ್ತದೆ. ‘ಪ್ರೀತಿ’ ಹೊರಟರೆ ‘ರೀತಿ’, ‘ನೀತಿ’, ‘ಭೀತಿ’ಗಳು ದಿಬ್ಬಣದ ನೆಂಟರಂತೆ ಕರೆಯದೆಯೂ ಬಸ್ಸು ಹತ್ತುತ್ತವೆ. ಪ್ರಾಸದ ಆಸೆಗೆ ಅರ್ಥವನ್ನು ಬಲಿಕೊಟ್ಟರೆಂದು ಪಂಡಿತರು ಮೂಗು ಮುರಿಯುತ್ತಾರೆ. ಅರ್ಥವನ್ನು ಎಳೆದುಕೊಂಡು ಹೋಗುವುದೇ ಪ್ರಾಸದ ಉದ್ಯೋಗ ಎಂಬುದು ನನ್ನ ವಾದ; ಎಲ್ಲಿಗೆ ಎಳೆದೊಯ್ಯಿತು ಎಂದಷ್ಟೇ ವಿಚಾರಿಸಬೇಕು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ಸಾಕ್ಷಿಗೆ ಕರೆಯೋಣ. ನಾಗಬನದೆದುರು ದನಿಯೆತ್ತಲೂ ಅಂಜುವ ಸೀಮೆಯವರು, ಮಕ್ಕಳ ಹಾಡಿನಲ್ಲಿ ನಾಗರಹಾವನ್ನು ಹೂವಾಗಿಸಿಬಿಟ್ಟರು. ಬುದ್ಧಿ ನೆಟ್ಟಗಿರುವ ಯಾರಿಗೂ ಈ ಹೋಲಿಕೆ ಹೊಳೆಯದು, ಹೊಳೆದದ್ದು ಪ್ರಾಸಕ್ಕೆ. ಹೊಳೆದ ಮೇಲೆ ನೋಡಿದರೆ, ಹೆಡೆಯೆತ್ತಿದ ಹಾವು ನಿಜಕ್ಕೂ ಹೂವಿನಂತೆಯೇ ಕಾಣುತ್ತದೆ! ‘ಮನಸು–ಕನಸು’ ಜೋಡಿಯ ತಪ್ಪು ಪ್ರಾಸವಾದದ್ದಲ್ಲ, ಏನನ್ನೂ ಹೊಸದಾಗಿ ತೋರಿಸದ್ದು. ‘ಮುನಿಸು’, ‘ತಿನಿಸು’ಗಳು ಪಾಪ, ಸ್ಟಾಪಿನಲ್ಲೇ ನಿಂತಿವೆ.

ಮೂಡುಬಿದಿರೆಯ ರತ್ನಾಕರವರ್ಣಿ ಇನ್ನೂ ಜಾಣ. 16ನೇ ಶತಮಾನದ ಅವನ ‘ಭರತೇಶ ವೈಭವ’ ಹಾಡಲೆಂದೇ ಒದಗುವ ಸಾಂಗತ್ಯದಲ್ಲಿದೆ. ಸಾಲುಸಾಲಿಗೂ ಎರಡನೆಯ ಅಕ್ಷರ ಹೊಂದಬೇಕು. ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ಮಾತಿನಲ್ಲಿ ತನ್ನ ಕಾವ್ಯವನ್ನು ಮೆಚ್ಚಬೇಕೆಂದು ಬಯಸುವ ಪದ್ಯದಲ್ಲಿ, ಆ ಮೆಚ್ಚುಗೆಯ ಉದ್ಗಾರಗಳನ್ನೇ ಆತ ಪ್ರಾಸದ ಕೆಲಸಕ್ಕೆ ಹಚ್ಚಿದ. ಕೇಳುಗರು ಬಾಯಿ ತೆರೆಯುವ ಮೊದಲೇ ಶಹಬ್ಬಾಸ್‌ಗಿರಿ ಛಂದಸ್ಸಿನೊಳಗೆ ಜಮೆಯಾಯಿತು. ‘ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಈ ಪ್ರಾಸವನ್ನು ಬಿಟ್ಟರಲ್ಲ?’ ಎನ್ನಬಹುದು. ಬಿಟ್ಟರು, ಒಳ್ಳೆಯದೇ ಆಯಿತು. ಕಣ್ಣಿನಲ್ಲಿ ಓದುವ ಕವಿತೆಗೆ ಅದು ಸಲ್ಲುತ್ತದೆ. ಹಾಡು ಮಾತ್ರ ಕಿವಿಯ ಆಸ್ತಿ. ಪುಸ್ತಕ ಕೈಯಲ್ಲಿಲ್ಲದೆ ಬಟ್ಟೆ ಒಗೆಯುತ್ತಾ ಹಾಡುವವರಿಗೆ ಮುಂದಿನ ಸಾಲನ್ನು ನೆನಪಿಸಿಕೊಡಲು ಯಾರಾದರೂ ಬೇಡವೇ?

‘ಅವರೆಲ್ಲ ಕವಿಗಳು, ಸಿನಿಮಾದವರು ಟ್ಯೂನಿಗೆ ಪದ ತುಂಬುವವರು’ ಎಂಬ ಆಕ್ಷೇಪ ಕೇಳಲು ಗಟ್ಟಿಯಾಗಿದೆ. ಹಾಗಾದರೆ ಯಕ್ಷಗಾನದ ಪದ್ಯ? ಅದೂ ಮಟ್ಟಿಗೆ, ತಾಳಕ್ಕೆ ಕಟ್ಟುಬಿದ್ದದ್ದೇ. ಅಲ್ಲೂ ಪ್ರಾಸಕ್ಕೆಂದೇ ನುಗ್ಗಿದ ಪದಗಳು ಬೇಕಾದಷ್ಟಿವೆ. ಆದರೆ ಅಂಥ ಪದವೊಂದನ್ನು ಭಾಗವತರು ಹಾಡಿ ಬಿಟ್ಟರೆ, ಮಾತು ಬಲ್ಲ ವೇಷಧಾರಿ ಅದಕ್ಕೆ ಪುರಾಣ, ತರ್ಕ, ವ್ಯಾಕರಣ ಸೇರಿಸಿ, ಆ ಪದವಿಲ್ಲದೆ ಕುರುಕ್ಷೇತ್ರವೇ ನಡೆಯುತ್ತಿರಲಿಲ್ಲ ಎನ್ನಿಸಿಬಿಡುತ್ತಾನೆ. ಸಿನಿಮಾ ಹಾಡಿಗೆ ಅರ್ಥ ಹೇಳುವವರನ್ನು ನೇಮಿಸಿಲ್ಲ. ಆ ಹೊಣೆಯನ್ನು ನಾಯಕನ ಹಿಂದೆ ಕುಣಿಯುವ ಹುಡುಗರಿಗೆ ವಹಿಸಿದ್ದಾರೆ.