ಮೋರಿಗೂ ಮೂಗು ಕಟ್ಟುತ್ತದೆ

ಮಿನೆಸೋಟದಲ್ಲಿ ಮನೆ ಕೊಂಡ ನಮ್ಮ ರಾಯರನ್ನು ಏನು ಬೇಕಾದರೂ ಕೇಳಿ. ಸಾಲದ ಬಡ್ಡಿ ಎಷ್ಟು, ಅಡುಗೆಮನೆಯ ಗ್ರಾನೈಟು ಯಾವ ದೇಶದ್ದು, ಈಶಾನ್ಯ ಮೂಲೆಯಲ್ಲಿ ಏನಿದೆ, ಎಲ್ಲ ಬಾಯಿಪಾಠ. ಮೋರಿ ನೀರು ಯಾವ ಕಡೆ ಹೋಗುತ್ತೆ ಅಂತ ಮಾತ್ರ ಕೇಳಬೇಡಿ. ‘ಅದು ಸಿಟಿಯವರದು ಕಣ್ರೀ’ ಅಂದುಬಿಡುತ್ತಾರೆ. ಎಲ್ಲಿಯ ಸಿಟಿ ಸ್ವಾಮಿ! ಮನೆಯಿಂದ ಬೀದಿಯ ದೊಡ್ಡ ಲೈನು ಸೇರುವ ತನಕ ಅಲ್ಲಿನ ಎಷ್ಟೋ ಊರುಗಳಲ್ಲಿ ಪೈಪು ಮನೆಯವರದೇ, ಕಟ್ಟಿಕೊಂಡರೆ ದುಡ್ಡೂ ಅವರದೇ.

ಜನವರಿಯಲ್ಲಿ ಮೈನಸ್ 25 ಡಿಗ್ರಿ ಅಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನೆಲವೇ ಹೆಪ್ಪುಗಟ್ಟುವ ಸೀಮೆ. ರಾಜ್ಯದ ದಕ್ಷಿಣದಲ್ಲಿ ಅಡಿಪಾಯ 42 ಅಂಗುಲ ಇಳಿಯಬೇಕು, ಉತ್ತರದಲ್ಲಿ 60 ಅಂಗುಲ ಅಂತ ಕಟ್ಟಡದ ನಿಯಮವೇ ಇದೆ. ಹಿಮ ದಪ್ಪಗೆ ಬಿದ್ದಿದ್ದರೆ ಪುಣ್ಯ, ನೆಲದ ಕಾವು ಆರುವುದು ನಿಧಾನ. ರಾಯರ ಕಾರು ನಿಲ್ಲುವ ಜಾಗದಲ್ಲಿ ಮಾತ್ರ ಒಂದು ಹಿಡಿ ಹಿಮ ಉಳಿದಿರುವುದಿಲ್ಲ, ಚಳಿ ಅಲ್ಲೇ ಆಳಕ್ಕೆ ಇಳಿಯುತ್ತದೆ. ಪೈಪು ಅದರ ಕೆಳಗೇ ಹೋಗಿದ್ದರೆ? ರಾಯರಿಗೆ ಗೊತ್ತಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಇಂಥ ಹೊತ್ತಿಗೆ ಸರಿಯಾಗಿ ಮಗಳ ಬಾಣಂತನಕ್ಕೆ ಹಾಸನದಿಂದ ಅತ್ತೆಯವರ ಆಗಮನ. ಬಾಣಂತಿ ಮನೆ ಅಂದಮೇಲೆ ಕೇಳಬೇಕೆ? ಅನ್ನಕ್ಕೆ ತುಪ್ಪ, ಸಾರಿಗೆ ತುಪ್ಪದ ಒಗ್ಗರಣೆ, ತಾಯಿಗೆ ಎಣ್ಣೆಸ್ನಾನ, ಮಗುವಿಗೆ ಕೊಬ್ಬರಿ ಎಣ್ಣೆ ಸವರಿ ಕಡಲೆಹಿಟ್ಟು ಹಚ್ಚಿ ನೀರು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ತಣ್ಣನೆ ಪೈಪಿನ ಗೋಡೆಗೆ ಮೊದಲು ಬೆಳ್ಳಗೆ ಎಣ್ಣೆ ಪದರ, ಅದಕ್ಕೆ ಉದುರಿದ ಕೂದಲು, ಮೇಲೆ ಕಡಲೆಹಿಟ್ಟಿನ ಗಾರೆ. ‘ಕುದಿಯೋ ನೀರು ಸುರಿದರೆ ಆಯ್ತು, ಕರಗುತ್ತೆ’ ಅಂತಾರೆ ಅತ್ತೆ. ಕರಗುತ್ತೆ, ಅತ್ತೇ. ಕರಗಿ ನಾಲ್ಕು ಮಾರು ಮುಂದೆ ಹೋಗಿ, ಕೈಗೆಟುಕದ ಕಡೆ ಮತ್ತೆ ಕೂರುತ್ತೆ! 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಇಂಥದೇ ಜಿಡ್ಡು 250 ಮೀಟರ್ ಉದ್ದ, 130 ಟನ್ ತೂಕಕ್ಕೆ ಬೆಳೆದಿತ್ತು. ಅದರದೊಂದು ತುಂಡನ್ನು ಮ್ಯೂಸಿಯಮ್ಮಿನಲ್ಲಿಟ್ಟು ಜನರಿಗೆ ತೋರಿಸಿದರು ಬೇರೆ.

ಇನ್ನು ನಲ್ಲಿಯ ಧರ್ಮಸಂಕಟ. ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ, ಬರುವ ನೀರಿನ ಪೈಪು ಒಡೆಯುವುದಿಲ್ಲ ಅಂತಾರೆ ತಿಳಿದವರು. ಊರಾಚೆ ಸೆಪ್ಟಿಕ್ ಟ್ಯಾಂಕಿನ ಮನೆಯಾಗಿದ್ದರೆ ಅದೇ ತಿಳಿದವರು, ಅಯ್ಯೋ ತೊಟ್ಟಿಕ್ಕಲು ಬಿಡಬೇಡಿ ಅಂತಾರೆ! ಎರಡೂ ನಿಜವೇ. ಹನಿಹನಿಯಾಗಿ ಹೋಗುವ ನೀರಿಗೆ ಓಡುವ ಶಕ್ತಿಯಿಲ್ಲ. ಪೈಪು ಎಲ್ಲಾದರೂ ಜಗ್ಗಿದ್ದರೆ ಅಲ್ಲಿ ನಿಂತು, ಪದರ ಪದರವಾಗಿ ಮಂಜುಗಡ್ಡೆಯಾಗುತ್ತದೆ. ಮನೆ ಬೆಚ್ಚಗಿಡುವ ಹೊಸ ನಮೂನೆಯ ಫರ್ನೇಸು ಹಗಲೂ ರಾತ್ರಿ ಸುರಿಸುವ ತೊಟ್ಟು ನೀರೂ ಇದೇ ಕಿತಾಪತಿ ಮಾಡುತ್ತದೆ, ಅದರಲ್ಲೂ ಮನೆಮಂದಿಯೆಲ್ಲ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹಾರಿದ್ದಾಗ. ಮೋರಿಗೆ ಬೇಕಾದ್ದು ಒಮ್ಮೆಗೇ ಧಾರಾಳವಾಗಿ ಬರುವ ಬಿಸಿನೀರು. ಆ ವಿಷಯದಲ್ಲಿ ಬಾಣಂತಿ ಸ್ನಾನವೇ ವಾಸಿ, ಎಣ್ಣೆಯೊಂದು ಇಲ್ಲದಿದ್ದರೆ.

ಮಾಡಿನ ಮೇಲೊಂದು ಕೊಳವೆ ಚಾಚಿರುತ್ತದಲ್ಲ, ಅದು ಮೋರಿಯ ಮೂಗು. ಒಳಗಿನ ಬೆಚ್ಚನೆ ಹಬೆ ಮೇಲೇರಿ ಅಂಚಿಗೆ ಉಂಗುರ ಉಂಗುರವಾಗಿ ಹೆಪ್ಪುಗಟ್ಟಿ, ಕಡೆಗೆ ಮೂಗು ಪೂರ್ತಿ ಬಂದ್. ಆಮೇಲೆ ಫ್ಲಶ್ ಮಾಡಿದರೆ ಸಿಂಕು ಗೊಳಗೊಳ ಅನ್ನುತ್ತದೆ, ಕೆಳಗಿನ ಬಾಗುಪೈಪಿನಲ್ಲಿ ನಿಂತ ನೀರನ್ನು ಎಳೆದುಕೊಳ್ಳುತ್ತದೆ, ಗಬ್ಬುನಾತ ಮನೆಯೊಳಗೆ. ರಾಯರು ಊದುಬತ್ತಿ ಹಚ್ಚಿದರು. ಹಿಮ ಹೊತ್ತ ಮಾಡು ಹತ್ತಿ ಕೂರುವುದಕ್ಕಿಂತ ಅದೇ ಕ್ಷೇಮ, ಒಪ್ಪಿದೆ.

ಕೊನೆಗೆ ಪ್ಲಂಬರ್ ಬಂದ. ಯಂತ್ರ ಇಳಿಸಿ, ಗರಗರ ತಿರುಗಿಸಿ, ಎಣ್ಣೆ, ಕೂದಲು, ಹಿಟ್ಟಿನ ಉಂಡೆ ಎಳೆದು ಬಕೆಟ್ಟಿಗೆ ಹಾಕಿದ. ಒಗ್ಗರಣೆ ಬಾಣಲೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ ಅಂತ ಕೈಮುಗಿಯದ ಕುಂದು. ‘ಕಾಗದ ಯಾಕೆ, ಬಾಣಲೆಗೇ ಅನ್ನ ಹಾಕಿ ಕಲಸಿ ತಿಂದರಾಯ್ತು’ ಅಂದರು ಅತ್ತೆ. ಇಡೀ ಮಿನೆಸೋಟಕ್ಕೆ ಇದಕ್ಕಿಂತ ಒಳ್ಳೆ ಸಲಹೆ ಯಾರೂ ಕೊಟ್ಟಿರಲಾರರು. ಪಾಪ, ಚಳಿಯಲ್ಲಿ ಬಂದಿದ್ದಾನೆ ಅಂತ ಪ್ಲಂಬರಿಗೆ ಬಿಸಿಬಿಸಿ ಫಿಲ್ಟರ್ ಕಾಫಿ ಕೊಟ್ಟರು. ಅವನು ಲೋಟ ತುಟಿಗೆ ತಾಗಿಸುವಷ್ಟರಲ್ಲಿ ಅತ್ತೆಯವರು ಫಿಲ್ಟರಿನ ಚರಟವನ್ನಷ್ಟೂ ಸಿಂಕಿಗೆ ಕೊಡವಿ ನಲ್ಲಿ ತಿರುಗಿಸಿದರು.