ಗೆದ್ದರೂ ಕಾಲುಪಾಲು

ಲಾಸ್ ವೇಗಸ್‌ನ ಒಮಾಹಾ ಹೈ-ಲೋ ಪೋಕರ್ ಆಟದಲ್ಲಿ ಎಲ್ಲರಿಗೂ ನಾಲ್ಕು ಎಲೆ, ಹಾಗಾಗಿ ಎಲ್ಲರಿಗೂ ಆಸೆ. ಗದ್ದಲದ ಮೇಜಾದರೆ ಒಂಬತ್ತು ಜನರಲ್ಲಿ ಆರೇಳು ಮಂದಿ ಕಣಕ್ಕಿಳಿದೇ ಬಿಡುತ್ತಾರೆ. ಅಲ್ಲಿ ಬ್ಲಫ್ ಮಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಯಾರೂ ಎಲೆ ಕೆಳಗಿಡುವುದಿಲ್ಲ.

ಕಟ್ಟಿದ ಹಣದಲ್ಲಿ ಅರ್ಧ ದೊಡ್ಡ ಕೈಗೆ (‘ಹೈ’), ಅರ್ಧ ಸಣ್ಣ ಕೈಗೆ (‘ಲೋ’). ‘ಲೋ’ಗೆ ಹೇಳಿಮಾಡಿಸಿದ ಎಕ್ಕ-ಎರಡು ಬಂತೆಂದು ಹಿಗ್ಗಬೇಡಿ. ಮೇಜಿನ ಮೇಲೆ ಎಂಟರೊಳಗಿನ ಮೂರು ಬೇರೆ ಬೇರೆ ಎಲೆ ಬೀಳದಿದ್ದರೆ ‘ಲೋ’ ಇಲ್ಲವೇ ಇಲ್ಲ. ಬಿದ್ದರೂ ಪಕ್ಕದವನ ಬಳಿ ಅದೇ ಜೋಡಿ ಇದ್ದರೆ ಅರ್ಧದಲ್ಲಿ ಅರ್ಧ. ಮೂವರು ತಲಾ 100 ಡಾಲರ್ ಸುರಿದಿದ್ದರೆ ನಿಮಗೆ ಸಿಗುವುದು 75. ಗೆದ್ದೂ 25 ಡಾಲರ್ ಲುಕ್ಸಾನು!

ಎಕ್ಕ, ಎರಡು, ಮೂರು, ಜೊತೆಗೆ ಎಕ್ಕದ ಜಾತಿಯದೇ ಇನ್ನೊಂದೆಲೆ ಇದ್ದರೆ ಎರಡೂ ಕಡೆ ಬಾಚುವ ಅವಕಾಶವುಂಟು. ಉಳಿದಂತೆ ಎಲೆ ಕೆಳಗಿಟ್ಟು ಕಾಫಿ ಕುಡಿಯಿರಿ, ಸ್ವಾಮೀ. ಆ ಕಾಫಿಯಲ್ಲಿ ಯಾರೂ ಪಾಲು ಕೇಳುವುದಿಲ್ಲ.